ಯಳವತ್ತಿ ದಾರಿಯಲ್ಲಿ ನಿಂತ ಫಟಫಟಿ

ಕೆಟ್ಟು ನಿಂತ ಯಂತ್ರದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಾಗ ಗಂಡಸಿಗೆ ಬರುವಂಥ ಆತ್ಮವಿಶ್ವಾಸ ಬೇರೆ ಯಾವ ಹೊತ್ತಿನಲ್ಲೂ ಬರುವುದಿಲ್ಲ. ಮೇಲಧಿಕಾರಿಯ ಮುಂದೆ ಬಾಲ ಮುದುರುವವನು, ಮಾವನ ಮನೆಯಲ್ಲಿ ಎರಡನೇ ಹೋಳಿಗೆ ಕೇಳಲು ನಾಚುವವನು, ಕೈಗೊಂದು ನಟ್ಟು ಬಿಚ್ಚುವ ಪಾನಾ ಸಿಕ್ಕರೆ ಸಾಕು, ಆ ಯಂತ್ರವನ್ನು ತಾನೇ ಹೆತ್ತವನಂತೆ ಮಾತಾಡತೊಡಗುತ್ತಾನೆ. ನನ್ನ ಸಂಗತಿ ಇನ್ನೂ ಒಂದು ಕೈ ಮೇಲು. ನನಗೆ ಪಾನಾ ಇಲ್ಲದೆಯೂ ಆತ್ಮವಿಶ್ವಾಸ ಇತ್ತು. ಬೆಟಗೇರಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಮಾಸ್ತರನಾಗಿದ್ದೆ. ಕೇಳಿದವರಿಗೂ ಕೇಳದವರಿಗೂ ಪಾಠ ಹೇಳುವುದು ನನ್ನ ಚಟ. ಎಲೆ ಅಡಿಕೆಯ ಚಟಕ್ಕಿಂತ ಇದು ವಾಸಿ ಎಂದು ನಾನು ತಿಳಿದಿದ್ದೆ. ಮನೆಯವರ ಅಭಿಪ್ರಾಯ ಬೇರೆ ಇತ್ತು.

ನನ್ನ ಹತ್ತಿರ ಒಂದು ಫಟಫಟಿ ಇತ್ತು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಮಾರಿದ ಇಂಗ್ಲೆಂಡಿನ ಮೋಟಾರ್ ಸೈಕಲ್ಲು. ಇಂಗ್ಲಿಷರು ದೇಶ ಬಿಟ್ಟು ಹೋದರೂ ಅದು ಮಾತ್ರ ಹೋಗಲಿಲ್ಲ. ಹೋಗು ಅಂದಾಗಲೂ ಹೋಗುತ್ತಿರಲಿಲ್ಲ ಎಂಬುದೇ ಅದರ ದೋಷ. ಬೆಳಿಗ್ಗೆ ನಾನು ಅದನ್ನು ಒದೆಯತೊಡಗಿದರೆ ಓಣಿಯ ನೇಕಾರರು ಮಗ್ಗ ನಿಲ್ಲಿಸಿ ಕಿವಿಗೊಡುತ್ತಿದ್ದರು. ಅದು ಹೊತ್ತಿಕೊಂಡರೆ ಮಾಸ್ತರರು ಇವತ್ತು ಶಾಲೆಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಾರೆ, ಇಲ್ಲವಾದರೆ ಹುಡುಗರ ಪುಣ್ಯ. ಹೀಗಿದ್ದೂ ಅದರ ಮೇಲೆ ನನಗೆ ಮೋಹ. ಯಾವ ಕಾಯಿಲೆ ಬಂದರೂ ಅದನ್ನು ಬಿಚ್ಚಿ ಹುಡುಕಿ ಸರಿಮಾಡುತ್ತಿದ್ದೆ. ನನ್ನ ರೋಗನಿರ್ಣಯ ಎಂದೂ ತಪ್ಪಿದ್ದಿಲ್ಲ. ಸರಿಯಾದದ್ದನ್ನು ಹೇಳುವ ಮೊದಲು ಬೇರೆ ನಾಲ್ಕಾರು ಹೇಳಿರುತ್ತಿದ್ದೆ, ಅಷ್ಟೆ.

ಏಕೀಕರಣದ ವರ್ಷ ಅದು. ನಾವು ಮುಂಬಯಿಯ ಕೈ ಬಿಟ್ಟು ಮೈಸೂರಿನ ಕೈ ಹಿಡಿಯುವ ದಿನ ಹತ್ತಿರ ಬಂದಿತ್ತು. ಗದಗಿನ ಚಹಾದ ಅಂಗಡಿಗಳಲ್ಲೆಲ್ಲ ಅದೇ ಮಾತು. ನನಗೆ ಮಾತ್ರ ಇನ್ನೊಂದು ಕೂಡುವಿಕೆಯ ಚಿಂತೆ. ನನ್ನ ಹೆಂಡತಿ ಬಾಣಂತನಕ್ಕೆ ಲಕ್ಷ್ಮೇಶ್ವರದ ತವರಿಗೆ ಹೋಗಿದ್ದಳು, ಹೆಣ್ಣು ಹುಟ್ಟಿತ್ತು, ದಸರೆಯ ಮರುದಿನವೇ ತೊಟ್ಟಿಲ ಕಾರ್ಯ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಎಂದರೆ ನನ್ನ ಅಕ್ಕ ಗಂಗಕ್ಕ. ತೀರಿಕೊಂಡ ನಮ್ಮ ಅವ್ವನ ಹೆಸರು ನೀಲವ್ವ, ಅದನ್ನೇ ಇಡಬೇಕೆಂದು ಅಕ್ಕ ಪಣ ತೊಟ್ಟಿದ್ದಳು. ನನಗೂ ಹೊಟ್ಟೆಯೊಳಗೆ ಅದೇ ಆಸೆ. ಆದರೆ ಮಾವನವರಿಗೆ ತಮ್ಮ ತಾಯಿಯ ಹೆಸರಿನ ಮೇಲೆ ಕಣ್ಣು. "ಮುಹೂರ್ತಕ್ಕ ಸೋದರತ್ತಿ ಬಂದ್ರ ಆಕಿ ಇಟ್ಟದ್ದ ಹೆಸರು. ಬರಲಿಲ್ಲಂದ್ರ ನಮ್ಮ ಮಂದಿ ಇಡ್ತಾರ. ಆ ಗಾಡಿ ನಂಬಬ್ಯಾಡ್ರಿ ಅಳಿಯಂದ್ರ, ಬಸ್ಸಿಗೆ ಬರ್ರಿ" ಎಂದು ಅವರು ಮೊದಲೇ ಎಚ್ಚರಿಸಿದ್ದರು. ಆ ಮಾತು ಕೇಳಿದ ಮೇಲೆ ಬಸ್ಸು ಹತ್ತಲು ನನಗೇನು ಮಾನವಿಲ್ಲವೆ?

ಹಬ್ಬಕ್ಕೆ ಮೊದಲೇ ಗಾಡಿಯನ್ನು ಸಜ್ಜುಗೊಳಿಸಿದೆ. ಹಬ್ಬಕ್ಕೆಂದು ನಮ್ಮಲ್ಲಿಗೆ ಬಂದಿದ್ದ ಅಕ್ಕ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ಎದುರಿಗೆ ಮನುಷ್ಯರು ಕುಳಿತ ಮೇಲೆ ನಾನು ಸುಮ್ಮನಿರುವುದುಂಟೆ? ಮ್ಯಾಗ್ನೆಟೋದ ಮುಚ್ಚಳ ತೆಗೆದು ಪಾಠ ಸುರುಮಾಡಿದೆ. "ನೋಡಕ್ಕಾ, ಪೆಟ್ರೋಲ್ ಇದರ ಅನ್ನ, ಎಣ್ಣಿ ಇದರ ರಕ್ತ. ಜೀವ ಇರೂದು ಮಾತ್ರ ಇಲ್ಲೆ. ಈ ಎರಡು ಸಣ್ಣ ಮೊಳಿ ಕೂಡಿ ಕೂಡಿ ಬಿಡ್ತಾವು. ಬಿಟ್ಟಾಗೊಮ್ಮೆ ಅಲ್ಲಿ ಪ್ಲಗ್ಗಿನ್ಯಾಗ ಕಿಡಿ ಹಾರ್ತೈತಿ." ಮುಚ್ಚಳವನ್ನು ಹಿಡಿದ ತಂತಿಯನ್ನು ಬೆರಳಿನಿಂದ ಸರಿಸಿದರೆ ಸಾಕು, ಪಾನಾ ಬೇಕಿಲ್ಲ ಎಂಬುದನ್ನೂ ಮಾಡಿ ತೋರಿಸಿದೆ. ಅಕ್ಕ ಇಷ್ಟು ಶ್ರದ್ಧೆಯಿಂದ ನನ್ನ ಪಾಠ ಕೇಳಿದ್ದು ಅದೇ ಮೊದಲು. ನನಗೆ ಬಹಳ ಸಂತೋಷವಾಯಿತು.

ತೊಟ್ಟಿಲ ದಿನ ಬೆಳಿಗ್ಗೆ ಅಕ್ಕ ಇಳಕಲ್ ಸೀರೆ ಉಟ್ಟು, ಕೂಸಿನ ಕುಲಾವಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತಳು. ಗಾಡಿ ಸ್ವಲ್ಪ ಕೆಮ್ಮಿತು, ಆದರೂ ಹೊರಟಿತು. ಮುಳಗುಂದ ದಾಟುವವರೆಗೆ ಕೆಮ್ಮು ಹೆಚ್ಚಾಯಿತು. ಯಳವತ್ತಿ ಹತ್ತಿರ ಬರುವಷ್ಟರಲ್ಲಿ ಕಪ್ಪು ಮಣ್ಣಿನ ಎರಿ ಹೊಲಗಳ ನಡುವೆ ಒಮ್ಮೆ ಸೀನಿ ನಿಂತುಬಿಟ್ಟಿತು. ಸುತ್ತ ಹತ್ತಿಯ ಗಿಡಗಳು, ಮೇಲೆ ಬಿಸಿಲು. ಬಸ್ಸು ನಮ್ಮ ಮುಂದೆಯೇ ಧೂಳೆಬ್ಬಿಸಿ ಹೋಗಿಯಾಗಿತ್ತು.

"ಪೆಟ್ರೋಲಿನ್ಯಾಗ ಕಸ" ಎಂದೆ, ಖಚಿತವಾಗಿ. ನಳಿಕೆ ಬಿಚ್ಚಿದೆ, ಪೆಟ್ರೋಲು ಧಾರಾಳವಾಗಿ ನನ್ನ ಧೋತರದ ಮೇಲೆ ಹರಿಯಿತು. "ಹಂಗಾರ ಪ್ಲಗ್ಗ" ಎಂದೆ, ಅಷ್ಟೇ ಖಚಿತವಾಗಿ. ಪ್ಲಗ್ಗು ಬಿಚ್ಚಿ, ಕೆರೆದು, ಎಂಜಿನ್ನಿನ ಮೈಗೆ ತಾಗಿಸಿಟ್ಟು ಒದ್ದೆ. ಕಿಡಿ ಇಲ್ಲ. ನೆರಳು ಮಾಡಿ ನೋಡಿದೆ, ಇಲ್ಲ. "ಅಕ್ಕಾ, ಈ ವಾಯರ್ ಹಿಡಿ. ಜುಮ್ ಅಂದ್ರ ಹೇಳು" ಎಂದು ಗಾಡಿಯನ್ನು ಒದ್ದೆ.

"ಏನೂ ಅನ್ನವಲ್ದು. ಆ ಜೀವದ ಡಬ್ಬಿ ಒಮ್ಮಿ ತಗದು ನೋಡಬಾರದೇನೋ ತಮ್ಮಾ?"

"ಅದಕ್ಕೇನೂ ಆಗಿಲ್ಲ. ನಾನ ಕೈಯಾರೆ ಹಸನ ಮಾಡೇನಿ. ಲೋಕದಾಗ ಏನ ಕೆಟ್ರೂ ಅದು ಕೆಡೂದಿಲ್ಲ."

"ಹಂಗಂದ್ರ ಆತು ಬಿಡು" ಎಂದಳು ಅಕ್ಕ. ಅವಳ ದನಿಯಲ್ಲಿ ಏನೋ ಸಮಾಧಾನವಿತ್ತು. ನನ್ನ ಮೇಲಿನ ಭರವಸೆ ಎಂದುಕೊಂಡೆ.

ಅಷ್ಟರಲ್ಲಿ ಚಕ್ಕಡಿ ಹೊಡೆದುಕೊಂಡು ಬಂದ ಗುರುತಿನ ರೈತರೊಬ್ಬರು ನಿಂತರು. "ಏನ್ರಿ ಮಾಸ್ತರ, ಎತ್ತ ಹೂಡಿ ಎಳಿಯೋಣೇನ್ರಿ?" ಎಂದರು. ಕುಚೇಷ್ಟೆಯಲ್ಲ, ಮರುಕದಿಂದಲೇ ಕೇಳಿದರು. ಚಕ್ಕಡಿಯಲ್ಲಿ ಹೋದರೆ ಲಕ್ಷ್ಮೇಶ್ವರ ಮುಟ್ಟುವಷ್ಟರಲ್ಲಿ ನನ್ನ ಮಗಳು ಬೇರೆ ಹೆಸರಿಗೆ ಓಗೊಡತೊಡಗಿರುತ್ತಾಳೆ. ಅಕ್ಕ ಕುಲಾವಿಯನ್ನು ಕೈಯಲ್ಲಿ ಹಿಡಿದು, "ಅವ್ವನ ಹೆಸರು ಹೋತಲ್ಲೋ" ಎಂದಳು. ಅವಳ ಕಣ್ಣು ತುಂಬಿತ್ತು. ಇನ್ನು ಬಿಚ್ಚಲು ಬೇರೇನೂ ಉಳಿದಿರಲಿಲ್ಲ. ಕೆಡಲು ಸಾಧ್ಯವೇ ಇಲ್ಲದ ಆ ಮುಚ್ಚಳವನ್ನು, ಅವಳ ಸಮಾಧಾನಕ್ಕಾಗಿ ಮಾತ್ರ, ತೆಗೆದೆ.

ಒಳಗೆ ಮೂರು ಬೆರಳಿನ ವಿಭೂತಿ. ನಡುವೆ ಕುಂಕುಮ. ಒಣಗಿದ ವಿಭೂತಿ ಗಾಡಿಯ ಅಲುಗಾಟಕ್ಕೆ ಉದುರಿ, ಎರಡು ಮೊಳೆಗಳ ನಡುವೆ ಹಿಟ್ಟಿನಂತೆ ಕೂತಿತ್ತು. ಅವು ಒಂದನ್ನೊಂದು ಮುಟ್ಟುವಂತೆಯೇ ಇರಲಿಲ್ಲ, ಕಿಡಿ ಎಲ್ಲಿಂದ ಹಾರಬೇಕು?

"ಅಕ್ಕಾ, ಇದೇನು?"

"ಮಾನೌಮಿ ದಿನ ಆಯುಧಕ್ಕ ಮಾಡೂ ಖಂಡೇಪೂಜಿ ನಿನ್ನ ಗಾಡಿಗೂ ಮಾಡಿದೆ. ಹೊರಗ ತಗಡಿಗೆ ಹಚ್ಚಿ ಏನ ಮಾಡೂದು? ಜೀವ ಒಳಗ ಐತಿ ಅಂತ ನೀನ ಹೇಳಿದ್ಯಲ್ಲ? ತಗಿಯೂದೂ ನೀನ ತೋರಿಸ್ದಿ."

ಹತ್ತು ವರ್ಷದ ಮಾಸ್ತರಿಕೆಯಲ್ಲಿ ನನ್ನ ಪಾಠವನ್ನು ಇಷ್ಟು ಸರಿಯಾಗಿ ಕಲಿತು ಇಷ್ಟು ಬೇಗ ಪ್ರಯೋಗಕ್ಕಿಳಿಸಿದವರು ಇನ್ನೊಬ್ಬರಿಲ್ಲ. ಕರವಸ್ತ್ರವನ್ನು ಪೆಟ್ರೋಲಿನಲ್ಲಿ ಅದ್ದಿ ಒರೆಸಹೋದೆ. "ವಿಭೂತಿ ಹಂಗ ಒರಸ್ತಾರೇನೋ? ಮೊದಲ ಕೈ ಮುಗಿ" ಎಂದಳು. ವಾದಕ್ಕೆ ಹೊತ್ತಿರಲಿಲ್ಲ. ಮ್ಯಾಗ್ನೆಟೋಕ್ಕೆ ಕೈ ಮುಗಿದೆ. ಚಕ್ಕಡಿಯವರೂ ರುಮಾಲು ಸರಿಮಾಡಿಕೊಂಡು ಮುಗಿದರು. ಒರೆಸಿ ಮುಚ್ಚಿ ಒದ್ದೆ. ಒಂದೇ ಒದೆತಕ್ಕೆ ಗಾಡಿ ಹೊತ್ತಿಕೊಂಡಿತು. "ಕೈ ಮುಗದದ್ದ ಛಲೋ ಆತು ನೋಡ್ರಿ. ಮೊದಲ ಮಾಡಬೇಕಿತ್ತು" ಎಂದರು ಅವರು. ವಿಜ್ಞಾನವನ್ನು ಅಲ್ಲಿಯೇ ಬಿಟ್ಟು ನಾವು ಹೊರಟೆವು.

ಮಾವನವರ ಮನೆ ಮುಟ್ಟಿದಾಗ ತೊಟ್ಟಿಲ ಸುತ್ತ ಹೆಂಗಸರು ನೆರೆದಿದ್ದರು. ಮಾವನವರ ತಂಗಿ ಕೂಸಿನ ಕಿವಿಗೆ ಬಾಗುವುದರಲ್ಲಿದ್ದರು. ಅಕ್ಕ ಚಪ್ಪಲಿ ಎಲ್ಲೋ ಬಿಟ್ಟು ನುಗ್ಗಿ, ತೊಟ್ಟಿಲಿಗೆ ಬಗ್ಗಿ, "ಕುರ್‌ರ್‌ರ್... ನೀಲವ್ವ" ಎಂದಳು. ನನ್ನ ಅವ್ವನ ಹೆಸರು ಆ ಪುಟ್ಟ ಕಿವಿಯೊಳಗೆ ಹೋಯಿತು. ಕಣ್ಣೀರು ಬಂತು, ಧೂಳು ಎಂದು ಒರೆಸಿಕೊಂಡೆ.

ಹೆಸರು ಹೇಳಿದೊಡನೆ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ಪದ್ಧತಿ. ಎತ್ತಿದ ಕೈಗಳನ್ನು ಅಕ್ಕ ತಡೆದಳು. "ನಿಂದರ್ರಿ ಯವ್ವಾ. ಡಬ್ಬಿ ತಗದು ನೋಡಂದ್ರ ನೋಡಲಾರದ ನನ್ನ ಬಿಸಲಾಗ ನಿಂದ್ರಿಸಿದಾಂವ ಅಲ್ಲಿ ನಿಂತಾನ. ನನ್ನ ಪಾಲಿಂದೂ ಅವಗ ಕೊಡ್ರಿ." ಲಕ್ಷ್ಮೇಶ್ವರದ ಹೆಂಗಸರಿಗೆ ಇಂಥ ವಿಷಯದಲ್ಲಿ ಎರಡು ಸಲ ಹೇಳಬೇಕಾಗಿಲ್ಲ. ಗುದ್ದುಗಳೆಲ್ಲ ಹಗುರವಾಗಿಯೇ ಇದ್ದವು, ಒಂದನ್ನು ಬಿಟ್ಟು. ಅದು ಯಾರದು ಎಂದು ನೋಡಲು ತಿರುಗಿದೆ. ಬಾಣಂತಿ, ಪಾಪ, ಕೋಣೆಯಿಂದ ಏಳುವ ತ್ರಾಣವೂ ಇರಲಾರದು ಎಂದು ನಾನು ಪೂರ್ತಿ ಭರವಸೆ ಇಟ್ಟುಕೊಂಡಿದ್ದ ನನ್ನ ಹೆಂಡತಿ, ಎರಡನೆಯದಕ್ಕೆ ಕೈ ಎತ್ತಿ ನಿಂತಿದ್ದಳು.