ಕೋವಿಗೆ ಹತ್ತಿದ ಚೊಗರು

ಹಳೆಯ ವಸ್ತುಗಳಿಗೆ ಬಾಯಿಲ್ಲ. ಅದಕ್ಕೇ ಅವುಗಳ ಪರವಾಗಿ ಎಲ್ಲರೂ ಮಾತಾಡಿಬಿಡುತ್ತಾರೆ, ಆಮೇಲೆ ಸಿಕ್ಕಿಬೀಳುತ್ತಾರೆ. ಅರವತ್ತರ ದಶಕದಲ್ಲಿ ಸಾಗರದಲ್ಲಿ ಎರಡೇ ಕೋಣೆಯ ವಸ್ತುಸಂಗ್ರಹಾಲಯವೊಂದನ್ನು ನೋಡಿಕೊಂಡಿದ್ದವನು ನಾನು. ಹಾಗೆ ಸಿಕ್ಕಿಬಿದ್ದವರ ಪೈಕಿ ನನ್ನದೇ ಮೊದಲ ಹೆಸರು.

ನಳಿಗೆಯೊಳಗೆ ಇದ್ದದ್ದು

ಹೊಸನಗರದ ಕಡೆಯ ಊರುಗಳು ಅಣೆಕಟ್ಟಿನ ನೀರಿಗೆ ಹೋಗುವ ಮುಂಚೆ ಜನ ಮನೆ ಖಾಲಿ ಮಾಡುತ್ತಿದ್ದರು. ಒಯ್ಯಲಾರದ್ದು, ಬಿಸಾಡಲೂ ಮನಸ್ಸು ಬಾರದ್ದು ನಮ್ಮಲ್ಲಿಗೆ ಬರುತ್ತಿತ್ತು. ಹಾಗೆ ಹಳೇ ಕಂಬಳಿಯಲ್ಲಿ ಸುತ್ತಿಕೊಂಡು ಒಂದು ಪಲ್ಟನ್ನಿನ ರೈಫಲ್ ಬಂತು. ಅದರ ಹಿಂದೆಯೇ ಹೆಡ್ ಕಾನ್‌ಸ್ಟೇಬಲ್ಲರೂ ಬಂದರು.

"ಲೈಸೆನ್ಸ್ ಎಲ್ಲಿ?"

"ಹಳೇ ಕೋವಿ ಸಾರ್, ನೋಡೋಕಷ್ಟೇ."

"ಹಳೇ ಕೋವೀಲಿ ಹೊಡೆದ್ರೆ ಮನುಷ್ಯ ಸಾಯೋದಿಲ್ವಾ?"

ಒಳಗೆ ಗುಂಡಿದೆಯೇ ಎಂದು ನಳಿಗೆಗೆ ಕಡ್ಡಿ ತೂರಿಸಿ, ತುದಿಗೆ ಮುಖವಿಟ್ಟು ಇಣುಕಿದರು. ಗುಂಡಿರಲಿಲ್ಲ, ಕಡಜ ಗೂಡು ಕಟ್ಟಿತ್ತು. ಕರ್ತವ್ಯದಲ್ಲಿ ಕಟ್ಟುನಿಟ್ಟಿನ ಮನುಷ್ಯ. ಊದಿದ ತುಟಿ ಹಿಡಿದುಕೊಂಡೇ ವರದಿ ಬರೆದರು: 'ಕೋವಿಯಿಂದ ಹೊರಬಿದ್ದದ್ದು: ಕಡಜ ಒಂದು. ಗಾಯಗೊಂಡವರು: ಹೆಡ್ ಕಾನ್‌ಸ್ಟೇಬಲ್.'

'ನಂಬಲಾಗಿದೆ'

ಕೋವಿಯ ಬುಡದ ತಗಡಿನಲ್ಲಿ ಜಜ್ಜಿದ ಗುರುತುಗಳಿದ್ದವು. ಅದರ ಮೇಲಿನ ಮರಕ್ಕೆ ಕಡುಗೆಂಪು ಕಲೆ. ಯುದ್ಧದ ಪುಸ್ತಕಗಳನ್ನು ಓದಿ ತಲೆ ತುಂಬಿಕೊಂಡಿದ್ದ ನನಗೆ ಇನ್ನೇನು ಬೇಕು? ಕೋವಿ ಬಂದ ಊರಿನ ಹೆಸರಿನ ಕೆಳಗೆ ಕಾರ್ಡಿನಲ್ಲಿ ಬರೆದೆ: 'ಮೊದಲ ಮಹಾಯುದ್ಧದಿಂದ ಮರಳಿದ ರೈಫಲ್. ಬುಡದ ಕಲೆ ಶತ್ರುವಿನ ರಕ್ತವೆಂದು ನಂಬಲಾಗಿದೆ.' ನಂಬಿದವನು ನಾನೊಬ್ಬನೇ ಎಂದು ಬರೆಯಲಿಲ್ಲ.

ತೀರ್ಥಹಳ್ಳಿಯಿಂದ ಮಕ್ಕಳನ್ನು ಕರೆತಂದ ಮೇಷ್ಟ್ರೊಬ್ಬರು ಆ ಶತ್ರುವನ್ನು ಜರ್ಮನ್ ಸಿಪಾಯಿ ಮಾಡಿದರು. ಮುಂದಿನ ತಿಂಗಳು ಬಂದ ಇನ್ನೊಬ್ಬರ ಬಾಯಲ್ಲಿ ಸಿಪಾಯಿಗಳು ಮೂವರಾದರು. ವರ್ಷ ತಿರುಗುವುದರೊಳಗೆ ಅಂಗೈಯಗಲದ ಆ ಕಲೆಯಲ್ಲಿ ಒಂದು ಪಲ್ಟನ್ನೇ ಸತ್ತುಹೋಗಿತ್ತು.

ಗುರಿ

ಒಂದು ಮಧ್ಯಾಹ್ನ ತಾಳಗುಪ್ಪದ ರೈಲಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಬಂದರು. ಕೋವಿ ಅವರ ಗಂಡನದು. ಮುಳುಗಡೆಯಲ್ಲಿ ಮನೆ ಹೋದ ಮೇಲೆ ತಾಳಗುಪ್ಪದ ಹತ್ತಿರ ನೆಲೆಯಾಗಿದ್ದರು. ನಮ್ಮ ಕಾರ್ಡು ಓದಿದ ನೆರೆಯವರು ಯಾರೋ ಹೋಗಿ ಹೇಳಿದ್ದರು.

"ನಮ್ಮನೆಯವ್ರು ಮನುಷ್ಯರನ್ನ ಕೊಂದಿದ್ರು ಅಂತ ಬರ್ದಿದೀಯಂತೆ. ನಿಂಗೆ ಯಾರು ಹೇಳಿದ್ದು ತಮ್ಮಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

"ಅಷ್ಟು ವರ್ಷ ಸಂಸಾರ ಮಾಡ್ದೆ. ನಂಗೊಂದು ಮಾತು ಹೇಳ್ದೇ ಹೋದ್ರಾ ಅಂತ ಎಂಟು ದಿನದಿಂದ ಅನ್ನ ಇಳೀತಿಲ್ಲ. ಯುದ್ಧಕ್ಕೆ ಹೋಗಿದ್ದು ಹೌದು. ಕುದುರೆಗೆ ಹುಲ್ಲು ಹಾಕೋಕೆ ಅಂದಿದ್ರು."

ಕಲೆ ತೋರಿಸಿದೆ. ಬಗ್ಗಿ ನೋಡಿದರು, ಉಗುರಿನಿಂದ ಕೆರೆದರು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು.

"ಇದು ಚೊಗರು ಮಾರಾಯ. ನಮ್ಮತ್ತೆಗೆ ಹಲ್ಲಿರಲಿಲ್ಲ. ದಿನಾ ಉಂಡಮೇಲೆ ನಮ್ಮನೆಯವ್ರು ಇದ್ರಲ್ಲೇ ಅಡಿಕೆ ಜಜ್ಜಿ ಕೊಡ್ತಿದ್ರು."

ಚೊಗರು, ಅಡಿಕೆಯ ಕೆಂಪು ರಸ. ಪ್ರತಿ ಸುಗ್ಗಿಯಲ್ಲೂ ನನ್ನ ಅಮ್ಮನ ಕೈಗೆ ಹತ್ತಿ ತಿಂಗಳುಗಟ್ಟಲೆ ಹೋಗದೆ ಉಳಿಯುತ್ತಿದ್ದ ಬಣ್ಣ. ನಾನೆಂದೂ ಕಾಣದ ರಣರಂಗದ ರಕ್ತ ನನಗೆ ಕಂಡಿತ್ತು, ಅಮ್ಮನ ಕೈಯ ಬಣ್ಣ ಗುರುತು ಸಿಕ್ಕಿರಲಿಲ್ಲ. ನಾಚಿಕೆಯಾಯಿತು.

"ಹಾಗಾದ್ರೆ ಈ ಕೋವಿ ಹಾರಿಸ್ಲೇ ಇಲ್ವಾ ಅಮ್ಮ?"

"ಒಂದೇ ಸಲ. ಗದ್ದೆಗೆ ಹಂದಿ ಬಂದಿತ್ತು. ಹೊಡೆದ್ರು, ನಮ್ಮನೆ ಹೆಂಚಿಗೇ ಬಿತ್ತು. ಅವತ್ತೇ ಅತ್ತೆ ಕೋವಿ ಮಗುಚಿ ಅವ್ರ ಕೈಗೆ ಕೊಟ್ಟು, 'ಗುರಿ ಕಲಿಯೋವರೆಗೆ ಅಡಿಕೆ ಜಜ್ಜು' ಅಂದ್ರು."

"ಕಲಿತ್ರಾ?"

"ಅತ್ತೆ ಸಾಯೋವರೆಗೂ ಜಜ್ಜಿದ್ರು."

ಕಾರ್ಡು

ಅವರ ಕಣ್ಣೆದುರೇ ಹಳೆಯ ಕಾರ್ಡು ಹರಿದೆ. ಹೊಸದು ಬರೆಯುವವರೆಗೂ ಅವರು ಕದಲಲಿಲ್ಲ. "ಮನೆ ನೀರಿಗೆ ಹೋಯ್ತು. ಅವ್ರದ್ದು ಅಂತ ಉಳಿದಿರೋದು ಇದೊಂದೇ. ಸುಳ್ಳು ಇರಬಾರ್ದು ತಮ್ಮ," ಎಂದರು. ನಾನು ಹೊಸ ಕಾರ್ಡು ಮುಂದಿಟ್ಟುಕೊಂಡು ಕೂತೆ.

ಬರೆದು ಮುಗಿಸಿ ಗಟ್ಟಿಯಾಗಿ ಓದಿದೆ: 'ಯುದ್ಧದಲ್ಲಿ ಕುದುರೆ ನೋಡಿಕೊಂಡು ಬಂದವರೊಬ್ಬರ ರೈಫಲ್. ಹಲ್ಲಿಲ್ಲದ ತಾಯಿಗೆ ಇದರಲ್ಲೇ ಅಡಿಕೆ ಜಜ್ಜಿ ಕೊಡುತ್ತಿದ್ದರು. ಯಾರನ್ನೂ ಕೊಂದಿಲ್ಲ. ಒಡೆದದ್ದು ಹೆಂಚು ಒಂದು.'

ಕಣ್ಣು ಮುಚ್ಚಿ ಕೇಳಿದರು. ಮುಖ ಹಗುರಾಗಿತ್ತು. ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋದವರು ಅಲ್ಲೇ ನಿಂತರು. ಏನೋ ಮನಸ್ಸಿಗೆ ಬಂದವರಂತೆ ತಿರುಗಿ ಬಂದರು.

"ಎರಡು ಅಂತ ಬರಿ ತಮ್ಮ. ಅದೇ ಗುಂಡಿಗೆ ಪಕ್ಕದ ಮನೆಯವ್ರದ್ದೂ ಒಂದು ಹೋಯ್ತು. ಅದು ಅವ್ರಿಗೆ ಇನ್ನೂ ಗೊತ್ತಿಲ್ಲ."