ಕೆಂಪಿಲ್ಲದ ಕಿವಿರು

ಶೆಫೀಲ್ಡಿನ ಅರ್ಧದಷ್ಟು ಕನ್ನಡಿಗರ ಕಣ್ಣಿನ ಕೆಳರೆಪ್ಪೆಯ ಒಳಬಣ್ಣ ನಮ್ಮ ದೊಡ್ಡಮ್ಮನಿಗೆ ಬಾಯಿಪಾಠ! ಉಳಿದರ್ಧ ಜನ ಇನ್ನೂ ಅವರ ಮನೆಗೆ ಬಂದಿಲ್ಲ, ಅಷ್ಟೆ. ಬ್ರೂಮ್‌ಹಿಲ್‌ನ ಆ ಮನೆಯ ಬಾಗಿಲು ತಟ್ಟಿ ನೋಡಿ. "ಬನ್ನಿ, ಕೂತ್ಕೊಳ್ಳಿ" ಎನ್ನುವ ಮೊದಲೇ ಅವರ ಹೆಬ್ಬೆರಳು ನಿಮ್ಮ ರೆಪ್ಪೆಯನ್ನು ಕೆಳಗೆಳೆದಿರುತ್ತದೆ. ಒಳಗೆ ಕೆಂಪಗಿದ್ದರೆ ಕಾಫಿ. ಬಿಳಿಚಿಕೊಂಡಿದ್ದರೆ ಬೀಟ್‌ರೂಟ್ ಜ್ಯೂಸ್, ಜೊತೆಗೆ ಅರ್ಧ ಗಂಟೆಯ ಬೈಗುಳ. ಅವರು ಜಿಪಿ, ಅಂದರೆ ಬಡಾವಣೆಯ ಡಾಕ್ಟರ್, ಕೆಲಸದಿಂದ ನಿವೃತ್ತರಾಗಿ ಎಂಟು ವರ್ಷವಾಯಿತು. ಆ ಸುದ್ದಿಯನ್ನು ಹೆಬ್ಬೆರಳಿಗೆ ಮಾತ್ರ ಯಾರೂ ತಿಳಿಸಿಲ್ಲ.

ದೀಪಾವಳಿಯ ದಿನ ಕಾಲಿಗೆರಗಿದವರನ್ನು ಅವರು ಗದ್ದ ಹಿಡಿದು ಎಬ್ಬಿಸುತ್ತಾರೆ. ಎಷ್ಟು ಪ್ರೀತಿ ಎಂದುಕೊಳ್ಳುವಷ್ಟರಲ್ಲಿ ರೆಪ್ಪೆ ಕೆಳಗಿರುತ್ತದೆ. ಪರಿಚಯದವರೊಬ್ಬರ ಮಗಳನ್ನು ನೋಡಲು ಡರ್ಬಿಯಿಂದ ಎಂಜಿನಿಯರ್ ಹುಡುಗ ಬಂದಿದ್ದಾಗ, ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಇವರು ಎದ್ದು ಹೋಗಿ ಹುಡುಗನ ರೆಪ್ಪೆ ಎಳೆದರು. "ವಿಮಾನದ ಎಂಜಿನ್ ಮಾಡುವವನಿಗೆ ಮೈಯಲ್ಲಿ ಕಬ್ಬಿಣವೇ ಇಲ್ಲ" ಎಂದು ಕೂಡಿದ ಸಭೆಯಲ್ಲಿ ತೀರ್ಪು ಕೊಟ್ಟರು. ಹುಡುಗನ ತಾಯಿ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಹಾಗೇ ಕೆಳಗಿಟ್ಟರು. ಪುಣ್ಯಕ್ಕೆ ಮದುವೆ ನಡೆಯಿತು. ಈಗ ಅದೇ ತಾಯಿ ದೊಡ್ಡಮ್ಮನಿಗೆ ವರ್ಷವರ್ಷ ರಾಗಿ ಲಾಡು ಕಳಿಸುತ್ತಾರೆ.

ಇಷ್ಟು ಜನರ ರೆಪ್ಪೆ ಎಳೆದವರು ತಮ್ಮ ರೆಪ್ಪೆ ಮುಟ್ಟಲು ಮಾತ್ರ ಯಾರಿಗೂ ಬಿಟ್ಟವರಲ್ಲ. ಕಳೆದ ಚಳಿಗಾಲದಿಂದ ಅವರು ಮನೆಯ ಏರು ಹತ್ತುವಾಗ ಮೂರು ಕಡೆ ನಿಲ್ಲತೊಡಗಿದ್ದರು. ಕೇಳಿದರೆ "ವ್ಯೂ ನೋಡ್ತಿದ್ದೇನೆ" ಎನ್ನುತ್ತಿದ್ದರು. ಎದುರಿಗಿದ್ದದ್ದು ಸಾಲಾಗಿ ನಿಲ್ಲಿಸಿದ ಕಸದ ಡಬ್ಬಿಗಳು!

"ದೊಡ್ಡಮ್ಮ, ಒಂದು ಬ್ಲಡ್ ಟೆಸ್ಟ್ ಮಾಡಿಸಿ."

"ಡಾಕ್ಟ್ರು ನಾನಾ, ನೀನಾ?"

ನಾನು ಸಾಫ್ಟ್‌ವೇರ್ ಬರೆಯುವವಳು. ಆದರೆ ಪ್ರತಿ ಶನಿವಾರ ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋದಾಗಲೂ ಮೊದಲು ನೋಡುತ್ತಿದ್ದದ್ದು ಅವರ ಮುಖವನ್ನೇ.

ರೆಪ್ಪೆ ಎಳೆಯುವುದನ್ನು ಅವರು ಮೆಡಿಕಲ್ ಕಾಲೇಜಿನಲ್ಲಿ ಕಲಿತರೆಂದು ಎಲ್ಲರೂ ತಿಳಿದಿದ್ದಾರೆ. ಅಲ್ಲ, ಕಲಿತದ್ದು ಉಡುಪಿಯ ಮೀನು ಮಾರುಕಟ್ಟೆಯಲ್ಲಿ, ನನ್ನ ಅಜ್ಜಿಯ ಕೈಹಿಡಿದು. ಮೀನಿನ ಕಿವಿರು ಎತ್ತಿ ನೋಡು, ಕೆಂಪಿದ್ದರೆ ಬುಟ್ಟಿಗೆ ಹಾಕು, ಮಾಸಿದ್ದರೆ ಮುಂದೆ ನಡೆ. ಅಜ್ಜಿಯ ಆ ಪಾಠವನ್ನೇ ದೊಡ್ಡಮ್ಮ ಮನುಷ್ಯರಿಗೂ ಅನ್ವಯಿಸಿದರು. ಬಂಗುಡೆಗೂ ಬ್ಯಾಂಕ್ ಮ್ಯಾನೇಜರಿಗೂ ಒಂದೇ ಪರೀಕ್ಷೆ!

ಹೀಗಿರುವಾಗ ಫೆಬ್ರವರಿಯ ಒಂದು ಶನಿವಾರ ಅವರು ಪೋಲೆಂಡಿನವರ ಅಂಗಡಿಯ ಫ್ರೀಜರಿನಿಂದ ಹೊಸದೊಂದು ಇಡೀ ಮೀನು ತಂದರು. ಮೈಮೇಲೆ ಒಂದು ಹುರುಪೆಯೂ ಇಲ್ಲ, ಮೂತಿ ಬಾತುಕೋಳಿಯ ಕೊಕ್ಕಿನಂತೆ ಚಾಚಿತ್ತು. ಬಿಸಿಲಿಲ್ಲದ ಈ ಊರಿನಲ್ಲಿ ಅದು ಕರಗಲು ಮಧ್ಯಾಹ್ನವಾಯಿತು. ಆಮೇಲೆ ಅಡುಗೆಮನೆಯಿಂದ ಕೂಗು ಬಂತು.

"ಮಾರಾಯ್ತಿ, ಇಲ್ಲಿ ಬಾ. ಇದೆಂತ ನೋಡು."

ಕಿವಿರು ಬೆಳ್ಳಗೆ, ಎಳನೀರಿನ ಗಂಜಿಯಂತಿತ್ತು. ಕೆಂಪಿನ ಸುಳಿವೇ ಇಲ್ಲ.

"ಸತ್ತು ಎಷ್ಟು ಕಾಲ ಆಗಿದೆಯೋ. ನನಗೇ ಕೊಳೆತ ಮೀನು ಕೊಟ್ಟರಲ್ಲ" ಎಂದು ಅದನ್ನು ಚೀಲಕ್ಕೆ ತುಂಬಿ ಹೊರಟೇಬಿಟ್ಟರು. ಹಿಂದಿನಿಂದ ನಾನೂ ಮಗಳೂ.

ಅಂಗಡಿಯ ಹೆಂಗಸು ಮೀನನ್ನು ನೋಡಿ ನಕ್ಕಳು. "ದಿಸ್ ಫಿಶ್, ನೆವರ್ ರೆಡ್."

"ಐ ಆ್ಯಮ್ ಎ ಡಾಕ್ಟರ್" ಎಂದರು ದೊಡ್ಡಮ್ಮ.

"ಆ್ಯಂಡ್ ಐ ಸೆಲ್ ಫಿಶ್."

ಅಷ್ಟರಲ್ಲಿ ನನ್ನ ಮಗಳು ಫೋನಿನಿಂದ ತಲೆ ಎತ್ತಿದಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಜ್ಜಿ, ಶಿ ಈಸ್ ರೈಟ್. ಇಟ್ಸ್ ಐಸ್‌ಫಿಶ್, ಫ್ರಮ್ ಅಂಟಾರ್ಕ್ಟಿಕಾ. ಇಟ್ ಹ್ಯಾಸ್ ನೋ ಹೀಮೋಗ್ಲೋಬಿನ್."

"ಕಡಿಮೆ ಅಂತಾ?"

"ನೋ, ಅಜ್ಜಿ. ಝೀರೋ."

ದೊಡ್ಡಮ್ಮ ಅಲ್ಲೇ ಇದ್ದ ಆಲೂಗಡ್ಡೆ ಮೂಟೆಯ ಮೇಲೆ ಕುಳಿತುಬಿಟ್ಟರು. ಮೂವತ್ತು ವರ್ಷ ರಕ್ತದ ರಿಪೋರ್ಟು ಓದಿದ ಹೆಂಗಸು! "ಬೆನ್ನುಮೂಳೆ ಉಂಟು, ಹೃದಯ ಉಂಟು, ಹೀಮೋಗ್ಲೋಬಿನ್ ಇಲ್ಲ. ಹಾಗಾದ್ರೆ ಇದು ಬದುಕಿದ್ದು ಹೇಗೆ?" ಎಂದು ಮೀನನ್ನೇ ಕೇಳಿದರು. ಅಂಗಡಿಯವಳು ಗಾಬರಿಯಾಗಿ ನೀರು ತಂದುಕೊಟ್ಟಳು.

ಆ ಆಘಾತದಿಂದ ಅವರು ಚೇತರಿಸಿಕೊಳ್ಳಲೇ ಇಲ್ಲ. ಮೀನನ್ನು ಮಸಾಲೆ ಹಚ್ಚಿ ಹುರಿದದ್ದಾಯಿತು, ತಿಂದದ್ದೂ ಆಯಿತು. ಮೆತ್ತಗೆ, ತುಸು ಸಿಹಿಯಾಗಿತ್ತು. ಆಮೇಲೆ ಸಿಕ್ಕಸಿಕ್ಕವರಿಗೆಲ್ಲ ಅದರ ಜಾತಕ ಹೇಳತೊಡಗಿದರು. ಅದರ ರಕ್ತ ನೀರಿನ ಹಾಗೆ ತಿಳಿಯಂತೆ. ಕೊರೆಯುವ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುತ್ತದಂತೆ, ಅದನ್ನೇ ರಕ್ತ ನೇರವಾಗಿ ಹೊತ್ತು ತಿರುಗುತ್ತದಂತೆ. ಆ ಚಳಿಗೆ ಹೆಪ್ಪುಗಟ್ಟದ ಹಾಗೆ ರಕ್ತದಲ್ಲೇ ಒಂದು ಔಷಧಿ ಇಟ್ಟುಕೊಂಡಿದೆಯಂತೆ. ಅಂಥ ತೆಳು ರಕ್ತವನ್ನು ಮೈತುಂಬ ಓಡಿಸಲು ಹೃದಯ ಮಾತ್ರ ಬಹಳ ದೊಡ್ಡದಂತೆ. ಯುಗಾದಿಯ ಊಟಕ್ಕೆ ಬಂದಿದ್ದ ಶುದ್ಧ ಸಸ್ಯಾಹಾರಿ ಡಾಕ್ಟರೊಬ್ಬರು ಹೋಳಿಗೆ ಮುರಿಯುತ್ತಾ ಕೇಳಿದರು.

"ಕೆಂಪು ರಕ್ತವೇ ಇಲ್ಲ ಅಂದ್ಮೇಲೆ ನಾವೂ ತಿನ್ನಬಹುದೇನೋ ಅಲ್ವಾ ಮೇಡಂ?"

"ತಿನ್ನಿ. ನಿಮಗೂ ಅದಕ್ಕೂ ಬಣ್ಣದಲ್ಲಿ ಏನೂ ವ್ಯತ್ಯಾಸ ಇಲ್ಲ" ಎಂದರು ದೊಡ್ಡಮ್ಮ.

ಎಲ್ಲರೂ ನಕ್ಕರು, ನಾನು ನಗಲಿಲ್ಲ. ಅಂದು ಬಂದವರಲ್ಲಿ ಒಬ್ಬರ ರೆಪ್ಪೆಯನ್ನೂ ಅವರು ಎಳೆದಿರಲಿಲ್ಲ. ಬಾಗಿಲು ತೆರೆದು ಬಂದು ಕುರ್ಚಿಯಲ್ಲಿ ಕುಳಿತ ದೊಡ್ಡಮ್ಮ ಆಮೇಲೆ ಏಳಲೇ ಇಲ್ಲ. ಹೋಳಿಗೆ ಬಡಿಸಿದ್ದು ನಾನು.

ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆದು ಎತ್ತಿಡುತ್ತಾ ಮತ್ತೆ ಟೆಸ್ಟಿನ ಮಾತು ತೆಗೆದೆ. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದರು.

"ಆ ಮೀನು ಸೊನ್ನೆ ಇಟ್ಕೊಂಡು ಬದುಕಿದೆ. ನನಗೆ ಸ್ವಲ್ಪವಾದ್ರೂ ಉಂಟಲ್ಲ."

ಕೈಯಲ್ಲಿದ್ದ ಲೋಟ ಕೆಳಗಿಟ್ಟು ಅವರ ಹತ್ತಿರ ಬಂದೆ. "ಸ್ವಲ್ಪವೇ ಇರೋದು ಅಂತ ನಿಮಗೆ ಹೇಗೆ ಗೊತ್ತು?"

"ಮನೆಯಲ್ಲಿ ಕನ್ನಡಿ ಇಲ್ವಾ?"

ಅಂದರೆ ಡಿಸೆಂಬರಿನಿಂದ ಈ ಮಹಾತಾಯಿ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತನ್ನ ರೆಪ್ಪೆ ತಾನೇ ಎಳೆದು ನೋಡಿ, ಯಾರಿಗೂ ಹೇಳದೆ ಏರು ಹತ್ತಿದ್ದಾರೆ! ನನಗೆ ಸಿಟ್ಟು, ಭಯ ಎರಡೂ ಒಟ್ಟಿಗೇ ಬಂತು.

"ಯಾಕೆ ಹೇಳಲಿಲ್ಲ ದೊಡ್ಡಮ್ಮ?"

"ಹೇಳಿದ್ರೆ ಟೆಸ್ಟು. ಟೆಸ್ಟ್ ಮಾಡಿದ್ರೆ ಕಾರಣ ಹುಡುಕ್ತಾರೆ. ಈ ವಯಸ್ಸಲ್ಲಿ ಎಂತೆಂಥ ಕಾರಣ ಇರ್ತದೆ ಅಂತ ನಾನೇ ಎಷ್ಟು ಜನಕ್ಕೆ ಕೂರಿಸಿ ಹೇಳಿದ್ದೇನೆ. ಆ ಕುರ್ಚಿಯಲ್ಲಿ ಕೂರ್ಲಿಕ್ಕೆ ನನಗೆ ಹೆದರಿಕೆ ಆಗ್ತದೆ, ಮಾರಾಯ್ತಿ."

ಹೆದರಿಕೆ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಸಮಾಧಾನ ಹೇಳಲು ಬಾರದೆ ಬಾಯಿಗೆ ಬಂದದ್ದನ್ನು ಹೇಳಿದೆ.

"ಆ ಮೀನು ಇರೋದು ಮಂಜುಗಡ್ಡೆ ನೀರಲ್ಲಿ. ನೀವು ಅಕ್ಟೋಬರಿನಿಂದ ಹೀಟಿಂಗ್ ಆರಿಸಿಲ್ಲ. ನೀರು ಸ್ವಲ್ಪ ಬೆಚ್ಚಗಾದರೂ ಅದಕ್ಕೆ ಉಸಿರಾಡೋದು ಕಷ್ಟ ಅಂತ ನೀವೇ ಹೇಳಿದ್ದಲ್ವಾ? ನೀವಿಲ್ಲದೆ ನನಗೂ ಹಾಗೇ."

ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನಲವತ್ತು ವರ್ಷದಲ್ಲಿ ಮೊದಲ ಸಲ, ಅವರ ಕೆಳರೆಪ್ಪೆಯ ಮೇಲೆ ಹೆಬ್ಬೆರಳಿಟ್ಟೆ. ಅವರು ತಡೆಯಲಿಲ್ಲ.

"ಎಷ್ಟು ಬಿಳಿ?"

"ಆ ಮೀನಿನ ಕಿವಿರಿನಷ್ಟು."

"ನಾಳೆ ಎಂಟಕ್ಕೆ ಸರಿಯಾಗಿ ಜಿಪಿ ಕ್ಲಿನಿಕ್ಕಿಗೆ ಫೋನ್ ಮಾಡು. ಎಂಟೂ ಐದಕ್ಕೆ ಮಾಡಿದ್ರೆ ಅಪಾಯಿಂಟ್‌ಮೆಂಟ್ ಖಾಲಿ."

ಆಗಲಿ ಎಂದು ಕೈ ತೆಗೆಯಹೋದೆ. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡು, ಮುಖವನ್ನು ನನ್ನ ಕಡೆ ಇನ್ನಷ್ಟು ಎತ್ತಿದರು.

"ಇನ್ನೊಂದು ಕಣ್ಣೂ ನೋಡು" ಎಂದರು.