ಹೊಳಪನ್ನು ನಂಬದ ಮಾವ

ನಮ್ಮ ಸೋದರಮಾವನವರಿಗೆ ಹೊಳೆಯುವ ವಸ್ತುಗಳ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಹೊಳೆಯುವುದನ್ನು ಕಂಡರೆ ಸಾಕು, ಅವರ ಕೈ ತಾನಾಗಿ ಜೇಬಿನಲ್ಲಿರುವ ಉಪ್ಪುಕಾಗದದ ತುಂಡಿನತ್ತ ಹೋಗುತ್ತದೆ! ದೇವನಹಳ್ಳಿ ಬಳಿಯ ವಿಜಯಪುರದಲ್ಲಿ ಅವರದು ಪಂಕ್ಚರ್ ಅಂಗಡಿ. ಟ್ಯೂಬನ್ನು ಉಜ್ಜಿ, ಒರೆಸಿ, ಸಲ್ಯೂಷನ್ ಅಂಟು ಸವರಿದ ಮೇಲೆ, ಗಿರಾಕಿ ಎಷ್ಟೇ ಅವಸರಪಡಿಸಿದರೂ ಅದು ಒಣಗುವವರೆಗೆ ಅವರು ಕದಲುವುದಿಲ್ಲ. ಉಜ್ಜಿದ ಜಾಗಕ್ಕೆ ನೀವು ಬೆರಳು ತಾಗಿಸಿದಿರೋ, ಕೆಲಸ ಮತ್ತೆ ಮೊದಲಿನಿಂದ!

ಹೊಳೆಯುವುದಕ್ಕೆ ಅಂಟು ಹಿಡಿಯದೆಂಬ ಈ ಸಿದ್ಧಾಂತ ಅಂಗಡಿಯಲ್ಲೇ ಉಳಿದಿದ್ದರೆ ಯಾರಿಗೇನು ತೊಂದರೆಯಿತ್ತು? ಚಿಕ್ಕಮ್ಮನ ಮಗಳ ಮದುವೆಯಲ್ಲಿ, ಧಾರೆಯ ಹೊತ್ತಿಗೆ ಸರಿಯಾಗಿ ವಧುವಿನ ಹಣೆಯ ಸ್ಟಿಕ್ಕರ್ ಬೊಟ್ಟು ಜಾರಿತು. ಮಾವ ಮಂಟಪ ಹತ್ತಿಯೇಬಿಟ್ಟರು. "ತಡೀರಿ ಐನೋರೇ! ಎಣ್ಣೆ ಹಣೆಗೆ ಅಂಟಿಸಿದ್ರೆ ಯಾವ್ದು ನಿಲ್ತದೆ?" ಎಂದು ಮಂತ್ರವನ್ನೇ ನಿಲ್ಲಿಸಿ, ಹಣೆಯನ್ನು ಒರೆಸಿ, ಊದಿ ಒಣಗಿಸಿದರು. "ಪುಣ್ಯಕ್ಕೆ ಉಪ್ಪುಕಾಗದ ತೆಗೀಲಿಲ್ಲ," ಎಂದು ಆಕೆ ಇಂದಿಗೂ ಹೇಳುತ್ತಾಳೆ.

ಅಂದು ನಕ್ಕವರಲ್ಲಿ ನಾನೂ ಒಬ್ಬಳು. ಆದರೆ ದೇವನಹಳ್ಳಿಯ ಕಾಲೇಜೊಂದರಲ್ಲಿ ಉಪನ್ಯಾಸಕಿ ಹುದ್ದೆಯ ಸಂದರ್ಶನಕ್ಕೆ ವಾರವಿರುವಾಗ, ಕೋಡುಬಳೆ ಕಡಿದು ನನ್ನ ಮುಂದಿನ ಹಲ್ಲು ಮುರಿಯಿತು. ದಂತವೈದ್ಯೆ ಹಲ್ಲಿನ ಬಣ್ಣದ್ದೇ ತುಂಡೊಂದನ್ನು ಕೂಡಿಸಿಕೊಟ್ಟರು. ಮೂರನೆಯ ದಿನ ಅದು ಕಳಚಿ, ಮುದ್ದೆಯೊಡನೆ ಹೊಟ್ಟೆ ಸೇರಿತು. ಅಗಿಯದೆ ನುಂಗುವ ಮುದ್ದೆಗೇ ಸೋತ ಹಲ್ಲು ಸಂದರ್ಶಕರ ಎದುರು ನಿಲ್ಲುವುದುಂಟೆ?

"ಒಣಗಿಸಿದ್ ಮೇಲೆ ಏನ್ ತಾಗಿಸ್ದೆ? ನಿಜ ಹೇಳು," ಎಂದರು ಮಾವ.

ಹೇಳಲೇಬೇಕಾಯಿತು. ವೈದ್ಯೆ ಹಲ್ಲನ್ನು ತೊಳೆದು ಒಣಗಿಸಿ, ಅಂಟನ್ನು ತೆಗೆದುಕೊಳ್ಳಲು ಅತ್ತ ತಿರುಗುತ್ತಾ "ಇನ್ನು ಸ್ವಲ್ಪವೇ" ಎಂದಿದ್ದರು. ಸುಮ್ಮನಿರುವುದು ಅಸಭ್ಯತೆಯಾದೀತೆಂದು ಹೆದರಿ, ನಾನು ಬಾಯಿಯಲ್ಲಿದ್ದ ಹತ್ತಿಯ ನಡುವೆಯೇ "ಧನ್ಯವಾದಗಳು, ಮೇಡಂ" ಎಂದುಬಿಟ್ಟಿದ್ದೆ!

"ಎಂಜಲು ಮಾಡ್ಬಿಟ್ಯಲ್ಲೇ!"

ಸಂದರ್ಶನದ ಹಿಂದಿನ ದಿನ ಮಾವ ಅಂಗಡಿ ಮುಚ್ಚಿ ನನ್ನೊಡನೆ ಬಂದರು. "ಇವಳು ಮಾತಾಡ್ದಂಗೆ ನಾನ್ ನೋಡ್ಕೊಂತೀನಿ. ನೀವು ಹೆಂಗೆ ಉಜ್ತೀರಾ ಹೇಳಮ್ಮಾ," ಎಂದು ವೈದ್ಯೆಯನ್ನೇ ಕೇಳಿದರು.

"ಆಸಿಡ್ ಜೆಲ್ ಹಚ್ತೀವಿ ಸರ್. ನಯವಾಗಿರೋ ಹಲ್ಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಾಗುತ್ವೆ. ಅಂಟು ಒಳಗಿಳಿದು ಗಟ್ಟಿಯಾಗುತ್ತೆ. ಉಗುಳು ತಾಗಿದ್ರೆ ಅಷ್ಟೂ ಕೆಟ್ಟುಹೋಗುತ್ತೆ."

ಮೂವತ್ತು ವರ್ಷ ತಾವೊಬ್ಬರೇ ಪೂಜಿಸಿದ ದೇವರಿಗೆ ಬೇರೆಡೆಯೂ ಗುಡಿಯಿದೆಯೆಂದು ತಿಳಿದವರಂತೆ ಮಾವ ಎದ್ದು ಕೈಮುಗಿದರು. ಹಲ್ಲು ತೊಳೆದು ಒಣಗಿಸಿದಾಗ ಬಗ್ಗಿ ನೋಡಿದರು. "ಹೊಳಪು ಹೋಗಿ ಸೀಮೆಸುಣ್ಣದಂಗಾಯ್ತು. ಈಗ ಹಿಡೀತದೆ ನೋಡಮ್ಮಾ."

ವೈದ್ಯೆಯ ಕೈ ನಿಂತಿತು. "ನಾವೂ ಇದನ್ನೇ ನೋಡೋದು ಸರ್! ನಿಮಗೆ ಯಾರು ಹೇಳಿಕೊಟ್ರು?"

"ಟ್ಯೂಬು," ಎಂದರು ಮಾವ.

ಆ ಕೋಣೆಯಲ್ಲಿ ಏನೂ ಅರಿಯದ ಪದವೀಧರೆ ನಾನೊಬ್ಬಳೇ! ಅಂಟು ಗಟ್ಟಿಯಾಗಲು ನೀಲಿ ಬೆಳಕು ಹಿಡಿದಷ್ಟು ಹೊತ್ತೂ ಮಾವ ಉಸಿರು ಬಿಗಿಹಿಡಿದು ನಿಂತಿದ್ದರು.

ಬೀದಿಗೆ ಬಂದಾಗ, ಹಲ್ಲು ಮುರಿದಂದಿನಿಂದ ಬಂದ ಅಭ್ಯಾಸಬಲದಿಂದ ನನ್ನ ಕೈ ಬಾಯಿಗೆ ಅಡ್ಡ ಹೋಯಿತು. ಮಾವ ಅದನ್ನು ಮೆಲ್ಲನೆ ಹಿಡಿದು ಕೆಳಗಿಳಿಸಿದರು.

"ನಾಳೆ ಅಲ್ಲಿ ಹಿಂಗ್ ಮಾಡ್ಬೇಡ ಕಣವ್ವಾ. ನಿಮ್ಮಮ್ಮ ಓದಿರೋರ ಮುಂದೆ ಜೀವಮಾನವೆಲ್ಲಾ ಹಿಂಗೇ ನಿಂತ್ಕೊಂಡ್ಲು. ಅವಳದು ಒಂದ್ ಹಲ್ಲೂ ಮುರಿದಿರ್ಲಿಲ್ಲ."